ಇಮಾನದ ಬುತ್ತಿ

ನಮ್ಮ ಮನೆಗೆ ವಿಮಾನ ಬಂದದ್ದು ಬೇಸಿಗೆ ಮುಗಿಯುವ ಹೊತ್ತಿಗೆ, ಮಗಳ ಓದಿಗೆಂದು ತಂದ ಕಂಪ್ಯೂಟರಿನೊಳಗೆ ಕುಳಿತುಕೊಂಡು. ಮಗಳು ಅಮರೇಶ್ವರಿ ಸಿಂಧನೂರಿನ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಾಳೆ. ಅವಳಿಗೆಂದು ತಂದ ಯಂತ್ರದ ಮುಂದೆ ಅವಳಪ್ಪನೇ ಬೇರು ಬಿಟ್ಟು ಕೂತರೆ ನಾನೇನು ಮಾಡಲಿ? ಹೇಳುವಷ್ಟು ಹೇಳಿದೆ. ಅಷ್ಟನ್ನು ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು.

ನನ್ನ ಯಜಮಾನರ ಹೆಸರು ಸಿದ್ದಲಿಂಗೇಶ. ಸಿಂಧನೂರಿನಲ್ಲಿ ನಮ್ಮದೊಂದು ಭಾಂಡೆ ಅಂಗಡಿ ಇದೆ, ಮಾವನವರು ಆದೆಪ್ಪ ಹಾಕಿದ್ದು. ಕೊಡ, ತಾಟು, ಡಬ್ಬಿ, ಮದುವೆಯ ಮುಯ್ಯಿಗೆ ಬೇಕಾದ ಸಾಮಾನು ಎಲ್ಲ ಸಿಗುತ್ತದೆ. ಯಜಮಾನರು ಬೆಳಿಗ್ಗೆ ನಮ್ಮೂರು ಮಸ್ಕಿಯಲ್ಲಿ ಬಸ್ಸು ಹತ್ತಿದರೆ ಸಂಜೆಗೆ ವಾಪಸ್ಸು. ಮೊದಲೆಲ್ಲ ಬಂದು ಕೈಕಾಲು ತೊಳೆದು, ತಾಯಿಯ ಹತ್ತಿರ ಎರಡು ಮಾತಾಡಿ, ಉಂಡು, ಕಟ್ಟೆಯ ಮೇಲೆ ಕೂರುತ್ತಿದ್ದರು. ಈಗ ಬಂದವರೇ ವಿಮಾನ ಹತ್ತುತ್ತಿದ್ದರು.

ಹತ್ತುವುದೂ ಸುಮ್ಮನೆ ಅಲ್ಲ. ಮೊದಲು ಎಣ್ಣೆಯ ಲೆಕ್ಕ. ಎಷ್ಟು ಜನ, ಎಷ್ಟು ಸಾಮಾನು, ಹಾದಿ ಎಷ್ಟು ದೂರ, ಗಾಳಿ ಯಾವ ಕಡೆಯದು, ಎಲ್ಲವನ್ನೂ ಕೂಡಿಸಿ ಕಳೆದು, ಹೊಟ್ಟೆಗೆ ಎಷ್ಟು ಎಣ್ಣೆ ತುಂಬಬೇಕೆಂದು ಗೊತ್ತು ಮಾಡಬೇಕು. ಹಾರುವುದು ಒಂದು ತಾಸಾದರೆ ಲೆಕ್ಕ ಎರಡು ತಾಸು. ಅಂಗಡಿಯ ತೆರಿಗೆ ಲೆಕ್ಕವನ್ನು ಬೇರೆಯವರ ಮುಂದೆ ಸುರಿದು ಬರುವ ಮನುಷ್ಯ, ಇಲ್ಲದ ವಿಮಾನಕ್ಕೆ ಕಾಣದ ಎಣ್ಣೆಯನ್ನು ಟನ್ನುಗಟ್ಟಲೆ ತೂಗುತ್ತಿದ್ದರು!

“ರೀ, ರೊಟ್ಟಿ ಆರಾಕತ್ಯಾವ.”

“ಬಂದೆ. ಎಣ್ಣಿ ಲೆಕ್ಕ ಒಂದು ಮುಗೀಲಿ.”

“ಗಿರಣ್ಯಾಗ ಇಟ್ಟ ಜ್ವಾಳ ಗಿರಣ್ಯಾಗ ಅದಾವ. ಅದರ ಲೆಕ್ಕ ಯಾರು ಮಾಡ್ತಾರ?”

“ನಾಳೆ ತರ್ತೀನಿ ಅಂದ್ನೆಲ್ಲ.”

“ತರಬ್ಯಾಡ್ರಿ. ನಾಳೆ ನಿಮ್ಮ ಇಮಾನಾನ ಸುಟ್ಟು ಶೇಂಗಾ ಚಟ್ನಿ ಹಚ್ಚಿ ತಿನ್ನೂಣು.”

ಪಕ್ಕದ ಕೋಣೆಯಿಂದ ಅಮರೇಶ್ವರಿ ಕೂಗುತ್ತಿದ್ದಳು. “ಅವ್ವ, ನನ್ನ ಪರೀಕ್ಷಾಕ್ಕ ಓದೋದು ಅದ್ರಾಗ ಐತಿ. ಅಪ್ಪಾಗ ಹೇಳು!” ವಿಮಾನ ಹಾರಿಸುವ ಆ ಆಟವನ್ನು ಹಾಕಿಕೊಟ್ಟವಳೂ ಇವಳೇ. ಮಾಡಿದ್ದುಣ್ಣೋ ಮಹರಾಯ ಎಂದು ನಾನು ಒಲೆಯ ಕಡೆ ತಿರುಗುತ್ತಿದ್ದೆ. ಆಗ ಅತ್ತೆಯ ದನಿ ಬರುತ್ತಿತ್ತು, ದಿನಾ ಬರುವ ಹಾಗೆ.

“ಶೈಲವ್ವ, ಎರಡು ಹೆಚ್ಚಿಗಿ ಬಡಿ.”

ಇದು ನಮ್ಮ ಮನೆಯ ಇನ್ನೊಂದು ಲೆಕ್ಕ. ಮೂರು ವರ್ಷದಿಂದ ನಮ್ಮತ್ತೆ ಪಾರ್ವತೆಮ್ಮ ದಿನವೂ ಎರಡು ಜೋಳದ ರೊಟ್ಟಿ ಹೆಚ್ಚಿಗೆ ಬಡಿಯಲು ಹೇಳುತ್ತಾರೆ. ಯಾರಿಗೆಂದು ಕೇಳಿದರೆ “ಬಂದವ್ರಿಗೆ” ಅನ್ನುತ್ತಾರೆ. ಬರುವವರಿಲ್ಲ. ಮರುದಿನ ಬೆಳಿಗ್ಗೆ ಅವೇ ರೊಟ್ಟಿ ಮುರಿದು ಒಗ್ಗರಣೆ ಹಾಕಿ ನಾನೇ ತಿನ್ನಬೇಕು. ಬಡಿಯುವ ಕೈಯೂ ನನ್ನದು, ತಿನ್ನುವ ಬಾಯಿಯೂ ನನ್ನದು. ಬೈದುಕೊಳ್ಳುತ್ತಲೇ ಬಡಿಯುತ್ತಿದ್ದೆ. ಯಾಕೆಂದರೆ ಆ ರೊಟ್ಟಿ ಯಾರದೆಂದು ಅತ್ತೆ ಹೇಳದಿದ್ದರೂ ನನಗೆ ಗೊತ್ತಿತ್ತು.

ಅವು ನನ್ನ ನಾದಿನಿ ಶಿವಕುಮಾರಿಯವು. ಅವಳನ್ನು ಹಟ್ಟಿಗೆ ಕೊಟ್ಟಿದ್ದಾರೆ. ಗಂಡ ಬಸ್ಸಪ್ಪ ಚಿನ್ನದ ಗಣಿಯಲ್ಲಿ ಶಿಫ್ಟಿನ ಕೆಲಸಗಾರ, ಕಂಪನಿ ಕ್ವಾರ್ಟರ್ಸಿನಲ್ಲಿ ಸಂಸಾರ. ಮಸ್ಕಿಗೂ ಹಟ್ಟಿಗೂ ನಡುವೆ ಲಿಂಗಸುಗೂರು ಒಂದೇ ದೊಡ್ಡ ಊರು. ಮುಂಜಾನೆ ಬಂದು ಸಂಜೆ ಹೋಗಬಹುದು. ಹಾಗೆಯೇ ಬರುತ್ತಿದ್ದಳು. ಅಣ್ಣ ತಂಗಿ ಕೂತರೆ ಹುಡುಗರ ಹಾಗೆ ಕಿತ್ತಾಡಿ ನಗುತ್ತಿದ್ದರು. ಮಾವನವರು ತೀರಿಕೊಂಡ ಮೇಲೆ ಅದು ನಿಂತಿತು.

ಮಾವನವರಿಗೆ ಎದೆ ನೋವು ಬಂದಾಗ ಹತ್ತಿರದ ಆಸ್ಪತ್ರೆಗೆ ಒಯ್ದೆವು. ಹೈದರಾಬಾದಿಗೆ ಹೊರಡಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಕಾರ್ಯ ಮುಗಿದ ಮರುದಿನ ಬೆಳಿಗ್ಗೆ ಶಿವಕುಮಾರಿ ಚಹಾದ ಕಪ್ಪು ಹಿಡಿದುಕೊಂಡೇ ಅಂದಳು: “ಮೊದ್ಲ ಹೈದ್ರಾಬಾದಿಗೆ ಒಯ್ದಿದ್ರ ಅಪ್ಪ ಇರ್ತಿದ್ದ.” ಯಜಮಾನರು, “ಅಷ್ಟು ಶಾಣೇಕಿ ಇದ್ರ ನೀನ ಬಂದು ಒಯ್ಯಬೇಕಿತ್ತು,” ಅಂದರು. ಇಬ್ಬರದೂ ದುಃಖವೇ. ಆದರೆ ಬಾಯಿಂದ ಬಂದದ್ದು ಕಲ್ಲು. ಅವಳು ಕಪ್ಪನ್ನು ಅಲ್ಲೇ ಇಟ್ಟು ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದುಬಿಟ್ಟಳು.

ತವರಿಂದ ಹೊರಟ ಹೆಣ್ಣುಮಗಳು ಬುತ್ತಿ ಇಲ್ಲದೆ ಹೋಗಬಾರದು. ಅತ್ತೆ ಅಳುತ್ತಲೇ ಇದ್ದ ರೊಟ್ಟಿ, ಇದ್ದ ಚಟ್ನಿ ಅರಿವೆಯಲ್ಲಿ ಕಟ್ಟಿ ಮಗನ ಕೈಗೆ ಕೊಟ್ಟು, “ಓಡು, ಬಸ್ಸಿಗೆ ಮುಟ್ಟಿಸಿ ಬಾ,” ಅಂದರು. ಯಜಮಾನರು ಹೋದರು. ಸ್ವಲ್ಪ ಹೊತ್ತಿಗೆ ಅದೇ ಗಂಟು ಹಿಡಿದುಕೊಂಡು ಓಣಿಯ ತಿರುವಿನಲ್ಲಿ ಕಾಣಿಸಿದರು. “ಬಸ್ ಹೋಗಿತ್ತು,” ಅಂದರು. ಅತ್ತೆ ಆ ಗಂಟನ್ನು ಬಿಚ್ಚದೆ ಎಷ್ಟೋ ಹೊತ್ತು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

ಅಂದಿನಿಂದ ಅವಳು ಬರಲಿಲ್ಲ, ಇವರು ಕರೆಯಲಿಲ್ಲ. ನಮ್ಮ ಕಡೆ ನಾಗರ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣತಮ್ಮಂದಿರು ಹೋಗಿ ಕರೆದುಕೊಂಡು ಬರಬೇಕು. ಕರೆಯದೆ ಹೆಣ್ಣುಮಗಳು ಬರುವುದಿಲ್ಲ. ಎರಡು ಪಂಚಮಿ ಹಾಗೆಯೇ ಹೋದವು. ಈ ವರ್ಷ ಕಾರಹುಣ್ಣಿಮೆ ಆದದ್ದೇ ತಡ, ಅತ್ತೆ ಶುರು ಮಾಡಿದರು.

“ಸಿದ್ದಲಿಂಗ, ಪಂಚಮಿ ಬಂತು. ಕುಮಾರಿನ ಕರಿಯಾಕ ಹೋಗ್ತಿಯಿಲ್ಲೋ?”

“ನೋಡೂಣು ಬಿಡವ್ವ.”

“ನಿನ್ನ ನೋಡೂಣು ಅನ್ನೋದು ನೋಡಿ ನೋಡಿ ನನ್ನ ಕಣ್ಣು ಹೋದುವು. ನಾ ಇರೋತನಕ ಒಮ್ಮೆರ ಆಕಿ ಈ ಹೊಸ್ತಿಲ ತುಳೀಲಿ. ನನಗ ಬ್ಯಾರೆ ಏನೂ ಬ್ಯಾಡ.”

ಯಜಮಾನರು ಕಂಪ್ಯೂಟರಿನ ಕಡೆ ತಿರುಗಿದರು. ಹೆಡ್‌ಫೋನ್ ಕಿವಿಗೆ ಹಾಕಿಕೊಂಡರೆ ಅವರಿಗೆ ಮನೆಯಲ್ಲಿ ಬಾಂಬು ಬಿದ್ದರೂ ಕೇಳುವುದಿಲ್ಲ.

ಇದಕ್ಕೆ ಮದ್ದು ಅಜ್ಜಿಯೇ ಎಂದುಕೊಂಡು ಅಮರೇಶ್ವರಿ ಒಂದು ದಿನ ಪಾರ್ವತೆಮ್ಮನವರ ಕೈಹಿಡಿದು ಎಬ್ಬಿಸಿದಳು. “ಅಜ್ಜಿ, ನೀನ ಹೋಗಿ ಬೈದು ಎಬ್ಬಿಸು.” ಅತ್ತೆ ಸೆರಗು ಸಿಕ್ಕಿಸಿಕೊಂಡು ಹೋದರು. ನಾನು ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತೆ, ತಮಾಷೆ ನೋಡಲಿಕ್ಕೆ.

“ಏನ್ಲೇ ಇದು? ಯಾವಾಗ ನೋಡಿದ್ರೂ ಎಣ್ಣಿ ಎಣ್ಣಿ ಅಂತಿ. ಎಣ್ಣಿ ತುಂಬಿಸೋದರಾಗ ಅಂಥಾದ್ದೇನೈತಿ? ಬಾಯಿತನ ತುಂಬು, ಹೋಗು.”

“ಹಂಗ ತುಂಬಂಗಿಲ್ಲವ್ವ. ಭಾಳ ಆದ್ರ ಭಾರ ಆಕ್ಕತಿ. ಆ ಭಾರ ಹೊರಾಕ ಮತ್ತ ಎಣ್ಣಿ ಬೇಕು.”

“ಅಂದ್ರ ಬುತ್ತಿ ಹೊರಾಕ ಮತ್ತೊಂದು ಬುತ್ತಿ.”

ಯಜಮಾನರು ಹೆಡ್‌ಫೋನ್ ತೆಗೆದು ತಾಯಿಯ ಮುಖ ನೋಡಿದರು. “ಖರೇ ಹೇಳಿದಿ ನೋಡು.” ಆಮೇಲೆ ಒಂದೊಂದಾಗಿ ಪರದೆಯ ಮೇಲೆ ಬೆರಳಿಟ್ಟು ಹೇಳಿದರು. ಇದು ಹಾದಿಗೆ. ಇದು ಎದುರು ಗಾಳಿ ಹೊಡೆದರೆ ಇರಲಿ ಅಂತ. ಇದು ಹೋದ ಊರಲ್ಲಿ ಇಳಿಯಲು ಆಗದಿದ್ದರೆ ಬೇರೆ ಊರಿಗೆ ಹೋಗಲಿಕ್ಕೆ. ಇನ್ನು ಎಲ್ಲದರ ತಳದಲ್ಲಿ ಅರ್ಧ ತಾಸಿನದು. “ಇದನ್ನ ಮುಟ್ಟಂಗಿಲ್ಲ. ಮುಟ್ಟೋ ಹೊತ್ತು ಬಂತಂದ್ರ ಗಂಡಾಂತರ ಬಂದಂಗ.”

ಅತ್ತೆ ಮಂಚದ ಮೇಲೆ ಕೂತೇಬಿಟ್ಟರು. ಬೈಯಲು ಹೋದವರು! “ನಾ ನಿಮ್ಮಪ್ಪಗ ಕಟ್ಟತಿದ್ದುದೂ ಹಿಂಗ ಅಲ್ಲೇನೋ,” ಅಂದರು. ಮಾವನವರು ಹರೆಯದಲ್ಲಿ ಅಂಗಡಿಯ ಮಾಲಿಗೆ ಹೈದರಾಬಾದಿಗೆ ಹೋಗುತ್ತಿದ್ದರು. ಆಗ ಹೋಗಲಿಕ್ಕೆ ಇಷ್ಟು ರೊಟ್ಟಿ, ಬಸ್ಸು ಕೆಟ್ಟು ನಿಂತರೆ ಇಷ್ಟು, ಪಕ್ಕದಲ್ಲಿ ಕೂತವರಿಗೆ ಇಷ್ಟು. “ಮಂದಿ ನೋಡ್ಕೋತ ಕುಂತ್ರ ನುಂಗಾಕ ಆಕ್ಕತೇನು?” ಕೊನೆಗೆ ಬೇರೆ ಅರಿವೆಯಲ್ಲಿ ಎರಡು ಕಟಕ ರೊಟ್ಟಿ, ಒಣಗಿಸಿದ್ದು. “ಅವನ್ನ ಮುಟ್ಟಬ್ಯಾಡ ಅಂತ ಹೇಳಿ ಕಳಸ್ತಿದ್ದೆ. ಆ ಗಂಟು ಹಂಗ ತಿರುಗಿ ಬಂದ್ರ ದಾರ್ಯಾಗ ತ್ರಾಸ ಆಗಿಲ್ಲ ಅಂತ ಲೆಕ್ಕ. ನನಗ ಹೊಟ್ಟಿ ತಣ್ಣಗ.”

ಅಂದಿನಿಂದ ನಮ್ಮ ಮನೆಯಲ್ಲಿ ವಿಮಾನದ ಎಣ್ಣೆಗೆ ಹೊಸ ಹೆಸರುಗಳು ಹುಟ್ಟಿದವು. ಹಾದಿ ಬುತ್ತಿ, ಗಾಳಿ ಬುತ್ತಿ, ಬ್ಯಾರೆ ಊರಿನ ಬುತ್ತಿ, ಮುಟ್ಟಬಾರದ ಬುತ್ತಿ. ಒಬ್ಬರು ಹುಚ್ಚರಿದ್ದ ಮನೆಯಲ್ಲಿ ಇಬ್ಬರಾದರು. ಸಂಜೆ ತಾಯಿ ಮಗ ಕೂತು ವಿಮಾನಕ್ಕೆ ಬುತ್ತಿ ಕಟ್ಟುವುದು, ನಾನು ಒಲೆಯ ಮುಂದೆ ಒಬ್ಬಳೇ ಹೊಗೆ ಕುಡಿಯುವುದು. ಸಿಟ್ಟು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ತಾಯಿ ಮಗ ಅಷ್ಟು ಹೊತ್ತು ಮಾತಾಡಿದ್ದು ನೋಡಿ ಎಷ್ಟು ದಿನವಾಗಿತ್ತು! ಹಾಗೆಂದು ಎರಡು ದಿನ ಬೈಯುವುದನ್ನು ಬಿಟ್ಟೆ.

ಯಜಮಾನರು ಎಲ್ಲಿಗೆ ಹೋದರೂ ಹೊರಡುವುದು ಮಾತ್ರ ಹೈದರಾಬಾದಿನ ಹಳೆಯ ಬೇಗಂಪೇಟೆ ನಿಲ್ದಾಣದಿಂದ. “ಅಪ್ಪಾ, ಈಗ ಮಂದಿ ಹತ್ತೋ ಇಮಾನ ಅಲ್ಲಿಂದ ಹೋಗಂಗಿಲ್ಲ. ಊರ ಹೊರಗ ಹೊಸಾದು ಆಗಿ ಎಷ್ಟ ವರ್ಷ ಆತು,” ಎಂದು ಮಗಳು ಅಂದಾಗ, “ನನ್ನ ಇಮಾನ ಅಲ್ಲಿಂದನ ಹೋಗ್ತದ,” ಅಂದರು. ಕಾರಣವನ್ನು ಅತ್ತೆಯೇ ನನಗೆ ಸೊಪ್ಪು ಸೋಸುತ್ತಾ ಹೇಳಿದರು. ಮಕ್ಕಳು ಚಿಕ್ಕವರಿದ್ದಾಗ ಒಮ್ಮೆ ಮಾವನವರು ಇಬ್ಬರನ್ನೂ ಮಾಲು ತರಲು ಜೊತೆಗೆ ಕರೆದೊಯ್ದಿದ್ದರಂತೆ. ಬೇಗಂಪೇಟೆಯ ಗೋಡೆಯ ಪಕ್ಕ ಕೂರಿಸಿ ಬುತ್ತಿ ಬಿಚ್ಚಿದರಂತೆ. ತಲೆಯ ಮೇಲೆ ವಿಮಾನ ಹೋದಾಗ ಶಿವಕುಮಾರಿ ಹೆದರಿ ಅಣ್ಣನ ಅಂಗಿಯೊಳಗೆ ಮುಖ ಹುದುಗಿಸಿ, ಆಮೇಲೆ ಕೇಳಿದಳಂತೆ: “ಅಪ್ಪಾ, ಅದು ಅಷ್ಟು ದೂರ ಹೋಗ್ತದಲ್ಲ, ಅದಕ್ಕ ಬುತ್ತಿ ಯಾರು ಕಟ್ತಾರ?” ಮಾವನವರು ನಕ್ಕು, “ಇಮಾನದ ಬುತ್ತಿ ಅಂದ್ರ ಎಣ್ಣಿ ಮಗಳ,” ಅಂದರಂತೆ. ಊರಿಗೆ ಬಂದು ಓಣಿಯ ತುಂಬ ಅದನ್ನೇ ಹೇಳಿದಳಂತೆ. ಅತ್ತೆ ಹೇಳುತ್ತಾ ನಕ್ಕರು, ನಗುತ್ತಾ ಸೆರಗು ಕಣ್ಣಿಗೆ ಒತ್ತಿಕೊಂಡರು.

ಆಷಾಢದ ಒಂದು ಸಂಜೆ ಮುಂಬೈಗೆ ಹೊರಟಿತ್ತು ವಿಮಾನ. ಯಜಮಾನರು ಬೇರೆ ಊರಿನ ಬುತ್ತಿಯ ಲೆಕ್ಕ ಹಾಕುತ್ತಿದ್ದರೆ ಅತ್ತೆ ತಡೆದರು.

“ಮುಂಬೈಯಾಗ ನಮ್ಮಕ್ಕನ ಮಗ ಅದಾನಲ್ಲೋ. ನಮ್ಮವ್ರು ಇರೋ ಊರಿಗೆ ಹೋಗೋವಾಗ ಬ್ಯಾರೆ ಊರಿನ ಬುತ್ತಿ ಯಾಕ ಕಟ್ಟತಿ? ಬಾಗಲಾ ಹಾಕ್ಕೊಂಡಾರು ಅಂತ ಅಂದಂಗ ಆಕ್ಕತಿ. ಮರ್ಯಾದಿ ಅಲ್ಲ ಅದು. ತಗದುಬಿಡು.”

“ಯವ್ವ, ಇದು ಬೀಗರ ಮನೀಗೆ ಹೋಗೋದಲ್ಲ.”

“ತಗಿ ಅಂದ್ನೆಲ್ಲ.”

ತಂಗಿಯನ್ನು ಕರೆಯಲು ಹೋಗು ಎಂಬ ಮಾತು ಕೇಳದ ಮಗ ಈ ಮಾತು ಕೇಳಿದರು. ತೆಗೆದರು. ಆ ಆಟದಲ್ಲಿ, ಆಯಾ ಊರಿನಲ್ಲಿ ಆ ಹೊತ್ತಿಗೆ ನಿಜವಾಗಿ ಇರುವ ಹವೆಯೇ ಇರುತ್ತದಂತೆ. ಮುಂಬೈಯಲ್ಲಿ ಕೊಡದಲ್ಲಿ ಸುರಿದ ಹಾಗೆ ಮಳೆ. ವಿಮಾನ ಇಳಿಯಲು ಹೋಯಿತು, ಮತ್ತೆ ಎದ್ದಿತು, ಸುತ್ತಿತು, ಮತ್ತೆ ಹೋಯಿತು. ನಾನೂ ರೊಟ್ಟಿ ಬಿಟ್ಟು ನೋಡಲು ಬಂದೆ. ಬೇರೆ ಊರಿಗೆ ಹೋಗೋಣವೆಂದರೆ ಬುತ್ತಿ ಇಲ್ಲ. ಮುಟ್ಟಬಾರದ ಬುತ್ತಿಯೂ ಮುಗಿದು, ವಿಮಾನ ಸೀದಾ ಸಮುದ್ರಕ್ಕೆ ಬಿತ್ತು. ಅತ್ತೆ “ಶಿವ ಶಿವಾ, ಅಷ್ಟೂ ಮಂದಿ!” ಎಂದು ಕೆನ್ನೆ ಬಡಿದುಕೊಂಡರು. ಯಜಮಾನರು ಹೆಡ್‌ಫೋನ್ ಕಿವಿಯಲ್ಲೇ ಇದ್ದದ್ದಕ್ಕೆ ದನಿಯ ಅಳತೆ ತಿಳಿಯದೆ ಕೂಗಿದರು.

“ಎಣ್ಣಿ ಕಮ್ಮಿ ಆತು! ನಿನ್ನಿ ಹಾಕ್ಕೊಂಡಷ್ಟ ಇವತ್ತೂ ಹಾಕ್ಕೊಂಡಿದ್ರ ಹಿಂಗ ಬೀಳತಿದ್ದಿಲ್ಲ! ನಾಳಿಂದ ಯಾರು ಏನ ಅಂದ್ರೂ ನಾ ಎಣ್ಣಿ ಕಮ್ಮಿ ಮಾಡಂಗಿಲ್ಲ!”

ಕಿಟಕಿ ತೆರೆದಿತ್ತು. ಆಚೆ ಕಡೆ ನಮ್ಮ ನೆರೆಯ ಚಾಂದ್‌ಬೀ ಒಣಗಿಸಿದ ಬಟ್ಟೆ ತೆಗೆಯುತ್ತಿದ್ದಳು. ನಾನು ನೋಡಿದೆ, ಅವಳೂ ನೋಡಿದಳು. ಬಟ್ಟೆ ಅಪ್ಪಿಕೊಂಡು ಏನೂ ಮಾತಾಡದೆ ಒಳಗೆ ಹೋದಳು. ಮಾತಾಡದ ಚಾಂದ್‌ಬೀಯನ್ನು ನಾನು ಕಂಡದ್ದೇ ಅಂದು.

ಮರುದಿನ ಒಂದು ಬೊಗಸೆ ನಿಂಬೆಹಣ್ಣು ತಂದುಕೊಟ್ಟಳು. “ಬೇಟಿ, ಮುಂಜಾನೆ ಎದ್ದ ಕೂಡಲೇ ಮಜ್ಜಿಗ್ಯಾಗ ಹಿಂಡಿ ಕೊಡು ಅವ್ರಿಗೆ. ತಲಿ ಹಗುರ ಆಗ್ತದ. ಜಗಳ ಮಾಡಬ್ಯಾಡ, ಪ್ರೀತಿಲೆ ಹೇಳು. ಬಿಡ್ತಾರ.” ನಾನು ಕಂಪ್ಯೂಟರ್ ಬಿಡಿಸುವ ಮಾತೆಂದುಕೊಂಡೆ. “ಬಿಡೋ ಲಕ್ಷಣ ಇಲ್ಲ ಚಾಚಿ. ಸಂಜಿ ಆದ್ರ ಅದೇ ಬೇಕು. ಈಗ ನಮ್ಮತ್ತೀನೂ ಜೊತಿಗೆ ಕುಂದ್ರತಾರ,” ಅಂದೆ. ಚಾಂದ್‌ಬೀ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. “ಪಾರ್ವತೆಮ್ಮನೂ? ತೋಬಾ ತೋಬಾ!”

ನನಗೆ ಆಗಲೂ ಹೊಳೆಯಲಿಲ್ಲ. ಕುಡಿಯುವುದಕ್ಕೂ ನಮ್ಮ ಮಂದಿ ಎಣ್ಣೆ ಅಂತಲೇ ಅನ್ನುತ್ತಾರೆಂಬುದು ನನಗೆ ಗೊತ್ತಿಲ್ಲದ ಮಾತೇ? ಆದರೆ ದಿನಾ ವಿಮಾನದ ಎಣ್ಣೆ ಕೇಳಿ ಕೇಳಿ ಆ ಇನ್ನೊಂದು ಎಣ್ಣೆ ನನ್ನ ತಲೆಯಿಂದಲೇ ಹಾರಿಹೋಗಿತ್ತು. ನಿಂಬೆಹಣ್ಣಿನ ಉಪ್ಪಿನಕಾಯಿ ಹಾಕಿದೆ.

ಚಾಂದ್‌ಬೀಯ ಮಗಳು ಮೆಹರಬಾನು ಇರುವುದು ಹಟ್ಟಿಯಲ್ಲಿ, ಶಿವಕುಮಾರಿಯ ಕ್ವಾರ್ಟರ್ಸಿನ ಮಗ್ಗುಲಿಗೆ. ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ.

ಪಂಚಮಿಗೆ ಇನ್ನೊಂದು ವಾರವಿದ್ದ ಭಾನುವಾರ. ಅತ್ತೆ ಉಂಡಿಗೆ ಎಳ್ಳು ಹಸನು ಮಾಡುತ್ತಿದ್ದರು. ಬೆಳಿಗ್ಗೆಯೇ ತಾಯಿ ಮಗನಿಗೆ ಮಾತಿಗೆ ಮಾತು ಬೆಳೆದಿತ್ತು.

“ಈ ಉಂಡಿ ಯಾರಿಗೆ ಕಟ್ಟಾಕತ್ತೀನಿ ನಾ? ಮಗಳಿಲ್ಲದ ಪಂಚಮಿ ಮಾಡಿ ನಾಗಪ್ಪಗ ಯಾವ ಮಾರಿ ತೋರಿಸ್ಲಿ?”

“ಆಕಿ ಬರೋಕಿ ಆಗಿದ್ರ ಬರ್ತಿದ್ಲವ್ವ. ನಾ ಹೋಗಿ ನಿಂತ್ರ ಬಾಗಲಾ ಹಾಕ್ಕೊಂಡ್ರ ಏನ ಮಾಡ್ಲಿ?”

“ಹಾಕ್ಕೊಂಡ್ರ ಹೊರಗ ಕುಂದ್ರು. ನಾ ಬುತ್ತಿ ಕಟ್ಟಿ ಕೊಡ್ತೀನಿ.”

ಯಜಮಾನರು ಎದ್ದು ಹೋಗಿ ಕಂಪ್ಯೂಟರ್ ಹಚ್ಚಿದರು. ಅಂದು ಬೇರೆ ಊರಿನ ಬುತ್ತಿಯನ್ನು ಎರಡು ಊರಿಗಾಗುವಷ್ಟು ಕಟ್ಟಿದರು. ವಿಮಾನ ಬೇಗಂಪೇಟೆಯಲ್ಲಿ ಹೊಟ್ಟೆ ತುಂಬಿಸಿಕೊಂಡು ನಿಂತಿತ್ತು.

ನಾನು ಒಲೆಯಿಂದ ರೊಟ್ಟಿ ಇಳಿಸುತ್ತಿದ್ದೆ. ಬಾಗಿಲಲ್ಲಿ ಚಪ್ಪಲಿ ಕಳಚಿದ ಸದ್ದಾಯಿತು. ತಿರುಗಿ ನೋಡಿದರೆ ಶಿವಕುಮಾರಿ! ಕೂದಲು ಬಸ್ಸಿನ ಗಾಳಿಗೆ ಕೆದರಿದೆ, ಮುಖ ಕೆಂಪಗಾಗಿದೆ. ಕರೆಯದೆ ಬಂದಿದ್ದಾಳೆ. ಪಂಚಮಿ ವಾರವಿರುವಾಗ ಕರೆಯದೆ ತವರಿಗೆ ಬರುವುದೆಂದರೆ ಹೆಣ್ಣುಮಗಳಿಗೆ ಎಷ್ಟು ಕಷ್ಟವೆಂದು ಹೆಣ್ಣುಮಗಳಿಗೇ ಗೊತ್ತು. ನನ್ನ ಕೈಯಿಂದ ರೊಟ್ಟಿ ಹಂಚಿನ ಮೇಲೆ ಮತ್ತೆ ಬಿತ್ತು.

“ಎಲ್ಲದಾನ ವೈನಿ ಅವ?”

ನಾನು ಕೋಣೆಯ ಕಡೆ ಕೈ ಮಾಡಿದೆ. ಅತ್ತೆ “ಕುಮಾರಿ…” ಎಂದು ಏಳುವಷ್ಟರಲ್ಲಿ ಅವಳು ಒಳಗೆ ನುಗ್ಗಿ ಅಣ್ಣನ ಹೆಡ್‌ಫೋನ್ ಕಿತ್ತು, ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

“ಬಾಯಿ ತಗಿ. ಉಸಿರು ಬಿಡು ನೋಡೂಣು.”

“ಏ, ಏನ್ಬೇ ಇದು! ಯಾವಾಗ ಬಂದಿ?”

“ಉಸಿರು ಬಿಡು ಅಂದೆ!”

ನಲವತ್ತೆಂಟರ ಮನುಷ್ಯ, ಅಂಗಡಿಯ ಸಾಹುಕಾರ, ಹೂ… ಎಂದು ತಂಗಿಯ ಮುಖಕ್ಕೆ ಉಸಿರು ಬಿಟ್ಟರು. ಅವಳು ಮೂಸಿದಳು. ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಮೂಸಿದಳು.

“ಉಳ್ಳಾಗಡ್ಡಿ ವಾಸನಿ ಬರಾಕತ್ತೈತಿ.”

“ಉಳ್ಳಾಗಡ್ಡಿ ತಿಂದೀನಿ, ಮತ್ತೇನ ಬರ್ಬೇಕು?”

“ಎಣ್ಣಿ ಎಲ್ಲೈತಿ? ದಿನಾ ಸಂಜಿಮುಂದ ಎಣ್ಣಿ ಹಾಕ್ಕೊಂಡು ಬೀಳತಿಯಂತ. ಕಮ್ಮಿ ಮಾಡಂಗಿಲ್ಲ ಅಂತ ಕಿಟಕ್ಯಾಗ ನಿಂತು ಒದರ್ತಿಯಂತ. ಅವ್ವಗೂ ರೂಢಿ ಮಾಡಿಸೀಯಂತ! ಮೆಹರಬಾನು ಹೇಳಿದಾಗಿಂದ ನನಗ ಅನ್ನ ಸೇರಿಲ್ಲ. ಅಪ್ಪ ಹ್ವಾದ, ಇನ್ನ ನೀನೂ ಹಿಂಗ ಆದ್ರ ನನಗ ತವರುಮನಿ ಅಂತ ಏನ ಉಳೀತದ?” ಎಂದವಳೇ ಗೊಳೋ ಎಂದು ಅತ್ತಳು.

ಮೊದಲು ನಕ್ಕದ್ದು ಅಮರೇಶ್ವರಿ. ನನಗೆ ನಿಂಬೆಹಣ್ಣು ನೆನಪಾಗಿ ಗೋಡೆ ಹಿಡಿದು ನಕ್ಕೆ. ಯಜಮಾನರು ಮಾತ್ರ ನಗಲಿಲ್ಲ. ತಂಗಿಯ ಕೈಹಿಡಿದು ಪರದೆಯ ಮುಂದೆ ತಂದರು. “ಎಣ್ಣಿ ಇದಕ್ಕ ಹಾಕೀನವ್ವ. ನೋಡು.”

ಅವಳು ಕಣ್ಣೊರೆಸಿಕೊಂಡು ನೋಡಿದಳು. ನಿಂತ ವಿಮಾನ, ಉದ್ದನೆಯ ಹಾದಿ, ಅದರಾಚೆ ಊರು.

“ಇದು ಯಾವ ಊರು?”

“ಬೇಗಂಪೇಟೆ.”

ಅವಳ ಅಳು ನಿಂತಿತು. ಬಗ್ಗಿ ಹತ್ತಿರದಿಂದ ನೋಡಿದಳು. “ಆ ಗ್ವಾಡಿ ಎಲ್ಲೈತಿ?”

“ಇದ್ರಾಗ ಗ್ವಾಡಿ ಇಲ್ಲ. ನಾನೂ ಹುಡುಕೀನಿ.”

“ಅಪ್ಪ ಅವತ್ತು ಪುಂಡಿಪಲ್ಯ ತಂದಿದ್ದ.”

“ಪುಂಡಿಪಲ್ಯ ಅಲ್ಲ, ಮಡಿಕಿಕಾಳು. ನೀ ನನ್ನ ಅಂಗಿ ಮ್ಯಾಲ ಚೆಲ್ಲಿದಿ.”

“ಪುಂಡಿಪಲ್ಯ!”

“ಮಡಿಕಿಕಾಳು ಬೇ!”

ಇಬ್ಬರೂ ಎಳೆಯ ಹುಡುಗರ ಹಾಗೆ ದನಿ ಎತ್ತಿದರು. ಅತ್ತೆ ಬಾಗಿಲಲ್ಲಿ ಎಳ್ಳಿನ ಮೊರ ಹಿಡಿದು ನಿಂತಿದ್ದರು. ಅಳಬೇಕೋ ನಗಬೇಕೋ ತಿಳಿಯದೆ ಅವರ ಮುಖ ಒಂದು ಥರ ಆಗಿತ್ತು. ಆಗ ಶಿವಕುಮಾರಿ ದನಿ ಇಳಿಸಿ ಅಂದಳು.

“ಅಣ್ಣ, ಅವತ್ತು ಬಸ್ ಹೋಗಿರ್ಲಿಲ್ಲ.”

ಯಜಮಾನರು ಪರದೆಯ ಕಡೆ ಮುಖ ತಿರುಗಿಸಿದರು.

“ನೀ ಬಾಳೆಹಣ್ಣಿನ ಗಾಡಿ ಹಿಂದ ನಿಂತಿದ್ದಿ. ಕೈಯಾಗ ಅವ್ವನ ಗಂಟು ಇತ್ತು. ನಾ ಕಿಟಕ್ಯಾಗಿಂದ ನೋಡೀನಿ. ಈಗ ಬರ್ತಾನ, ಈಗ ಬರ್ತಾನ ಅಂತ ಕುಂತಿದ್ದೆ. ಬಸ್ ಬಿಟ್ಟಿತು. ನೀ ಬರ್ಲಿಲ್ಲ. ಅಪ್ಪನ ಬಗ್ಗೆ ನಾ ಅಂದದ್ದು ತಪ್ಪು. ಅದಕ್ಕ ಬೈದಿದ್ರ ಬೈಸ್ಕೋತಿದ್ದೆ. ಬುತ್ತಿ ಹಿಡ್ಕೊಂಡು ನಿಂತು ನೋಡಿದಿಯಲ್ಲ, ಅದು ನನಗ ಮರಿಯಾಕ ಆಗಲಿಲ್ಲ.”

ನಾನು ಅತ್ತೆಯ ಕಡೆ ನೋಡಿದೆ. ಅವರು ಮೊರವನ್ನು ನೆಲಕ್ಕೆ ಇಟ್ಟರು. ಯಜಮಾನರು ತಲೆ ಬಗ್ಗಿಸಿ ಕೂತಿದ್ದರು. “ಖರೇ,” ಅಂದರು. “ನಿನ್ನ ಮುಂದ ಬಂದ್ರ ಅಳು ಬರ್ತದ ಅಂತ ನಿಂತೆ. ಬಸ್‌ಸ್ಟ್ಯಾಂಡಿನ್ಯಾಗ ಮಂದಿ ಮುಂದ ಹೆಂಗ ಅಳೋದು? ಬಸ್ ಹೋದ ಮ್ಯಾಲ ಅಲ್ಲೇ ಅತ್ತೆ.” ಇಷ್ಟು ಹೇಳಿ ಈಗಲೂ ಅತ್ತರು. ನನಗೆ ಮದುವೆಯಾಗಿ ಇಷ್ಟು ವರ್ಷಕ್ಕೆ ಅವರ ಅಳು ಕಂಡದ್ದು ಅದೇ ಮೊದಲು. ನಾನು ಸೆರಗಿನಿಂದ ಮೂಗು ಒರೆಸಿಕೊಂಡು ಒಲೆಯ ಕಡೆ ಓಡಿದೆ. ಹಂಚಿನ ಮೇಲಿನ ರೊಟ್ಟಿ ಕರಕಲಾಗಿತ್ತು.

“ಮಾತು ಆಮ್ಯಾಲ ಆಡ್ರಿ,” ಎಂದು ಅತ್ತೆ ಬಂದು ಬುಟ್ಟಿಗೆ ಕೈ ಹಾಕಿದರು. “ಮುಂಜಾನಿಂದ ಉಂಡಿಲ್ಲ ಆಕಿ, ಮಾರಿ ನೋಡಿದ್ರ ಗೊತ್ತಾಗ್ತದ.” ಬುಟ್ಟಿಯ ತಳದಲ್ಲಿ ಹಿಂದಿನ ದಿನದ ಎರಡು ರೊಟ್ಟಿ ಅರಿವೆಯಲ್ಲಿ ಸುತ್ತಿಟ್ಟಿದ್ದವು. ನಾನು ಬಿಸಿ ರೊಟ್ಟಿ ಕೊಡುತ್ತೇನೆಂದರೆ ಶಿವಕುಮಾರಿ ಕೇಳಲಿಲ್ಲ. “ನನ್ನವು ಇವಲ್ಲೇನು?” ಎಂದು ಆ ತಂಗಳನ್ನೇ ಮೊಸರಿನಲ್ಲಿ ಅದ್ದಿ ತಿಂದಳು. ನಂಚಿಕೊಳ್ಳಲು ಚಾಂದ್‌ಬೀಯ ನಿಂಬೆಹಣ್ಣಿನ ಉಪ್ಪಿನಕಾಯಿ ಹಾಕಿದೆ.

ಅಷ್ಟರಲ್ಲಿ ಸುದ್ದಿ ಹತ್ತಿ ಚಾಂದ್‌ಬೀಯೇ ಬಂದಳು. ಅಮರೇಶ್ವರಿ ಅವಳನ್ನು ಕೂರಿಸಿ ವಿಮಾನ ತೋರಿಸಿ, ಎಣ್ಣೆ ಎಲ್ಲಿ ಹೋಗುತ್ತದೆಂದು ತಿಳಿಸಿ ಹೇಳಿದಳು. ಚಾಂದ್‌ಬೀ ಹಣೆ ಹಣೆ ಬಡಿದುಕೊಂಡಳು. “ಹಾಯ್ ಅಲ್ಲಾ! ನಿಮ್ಮ ಇಮಾನದ ಎಣ್ಣಿಯಿಂದ ನನ್ನ ಇಮಾನ, ನನ್ನ ನಿಯತ್ತು ಹೋತಲ್ಲ! ಓಣ್ಯಾಗೆಲ್ಲ ಹೇಳೀನಲ್ಲ ನಾನು!”

“ಹೇಳಿದ್ದ ಚಲೋ ಆತು ಬಿಡು,” ಅಂದರು ಅತ್ತೆ. “ನನ್ನ ಮಗನ್ನ ನಂಬಿದ್ರ ಈ ವರ್ಷನೂ ಉಂಡಿ ನಾವ ತಿನ್ನಬೇಕಿತ್ತು.”

ಬಸ್ಸಪ್ಪನವರು ಶಿಫ್ಟಿನಿಂದ ಬರುವಷ್ಟರಲ್ಲಿ ಶಿವಕುಮಾರಿ ಮನೆ ಸೇರಬೇಕಿತ್ತು. ಸಂಜೆಗೆ ನಾನೇ ಉಡಿ ತುಂಬಿದೆ. ಅತ್ತೆ ರೊಟ್ಟಿ, ಶೇಂಗಾ ಚಟ್ನಿ, ಎರಡು ಎಳ್ಳುಂಡಿ ಅರಿವೆಯಲ್ಲಿ ಕಟ್ಟಿದರು. ಗಂಟು ಹಾಕಿ ಮಗನ ಕೈಗೆ ಕೊಟ್ಟರು.

“ಪಂಚಮಿ ಹಿಂದಿನ ದಿನ ಕರಿಯಾಕ ಬರ್ತೀನಿ,” ಅಂದರು ಯಜಮಾನರು.

“ಬರ್ತೀಯೋ, ಗಾಡಿ ಹಿಂದ ನಿಂದ್ರತೀಯೋ?” ಅಂದಳು ತಂಗಿ. ನಗುತ್ತಲೇ ಅಂದಳು, ಆದರೆ ನಗು ಕಣ್ಣಿನವರೆಗೆ ಹೋಗಿರಲಿಲ್ಲ.

ಇಬ್ಬರೂ ಓಣಿಯ ತಿರುವು ದಾಟಿದರು. ಬಸ್‌ಸ್ಟ್ಯಾಂಡು ದೂರವೇನಲ್ಲ, ಹೋಗಿ ಬಸ್ಸು ಹತ್ತಿಸಿ ಬರಲು ಎಷ್ಟು ಹೊತ್ತು? ಅತ್ತೆ ಹೊಸ್ತಿಲಲ್ಲಿ ಕೂತರು. ನಾನು ದೀಪ ಹಚ್ಚಿದೆ, ಹಿಟ್ಟು ನಾದಿದೆ. ಹೊರಗೆ ಬಂದು ನೋಡಿದೆ. ಅತ್ತೆಯ ಕಣ್ಣು ಆ ತಿರುವಿನ ಮೇಲೆಯೇ ಇತ್ತು. ಮೂರು ವರ್ಷದ ಹಿಂದೆ ಗಂಟು ಹಿಡಿದ ಮಗ ಕಾಣಿಸಿದ್ದು ಅಲ್ಲೇ. ಯಾರೋ ಬಂದರು. ಬೇರೆ ಯಾರೋ. ಮತ್ತೆ ಯಾರೋ ಬಂದರು.

“ಬಂದನೇನವ್ವ?”

“ಇಲ್ರಿ ಅತ್ತಿ.”

ಒಳಗೆ ಅಮರೇಶ್ವರಿ ಅಂತೂ ಕಂಪ್ಯೂಟರ್ ಸಿಕ್ಕಿತೆಂದು ವಿಮಾನವನ್ನು ಬೇಗಂಪೇಟೆಯಲ್ಲೇ ಮುಚ್ಚಿ ಪುಸ್ತಕ ತೆರೆದಿದ್ದಳು. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. “ಅಪ್ಪಾ!” ಎಂದು ಹೊರಗೆ ಓಡಿ ಬಂದು ದನಿ ದೊಡ್ಡದು ಮಾಡಿ ಅಜ್ಜಿಯ ಮುಂದೆ ಹಿಡಿದಳು. ಬಸ್ಸಿನ ಗದ್ದಲ, ಕಂಡಕ್ಟರನ ಸೀಟಿ.

“ಯವ್ವ, ಲಿಂಗಸುಗೂರು ದಾಟಿದ್ವಿ.”

“ನೀ ಯಾಕ ಹ್ವಾದ್ಯೋ?”

“ಬುತ್ತಿ ಕೊಡಾಕ ಒಳಗ ಹತ್ತಿದ್ನಿ. ಇಳಿಯಾಕ ಮನಸಾಗಲಿಲ್ಲ.”

ಹಿಂದಿನಿಂದ ಶಿವಕುಮಾರಿಯ ದನಿ ಕೇಳಿತು: “ಯವ್ವ, ಗಂಟು ಬಿಚ್ಚ್ಯಾನ! ಪಕ್ಕದವ್ರಿಗೂ ಕೊಟ್ಟು ಅರ್ಧಾ ಖಾಲಿ ಮಾಡ್ಯಾನ!”

ಅತ್ತೆ ಫೋನನ್ನು ಮೊಮ್ಮಗಳಿಗೆ ಕೊಟ್ಟು, ಮೊಣಕಾಲಿಗೆ ಕೈಯೂರಿ ಎದ್ದರು. ಹೋದ ಮಗ ತಿರುಗಿ ಬರಲಿಲ್ಲವೆಂದು ಅಷ್ಟು ಸಂತೋಷಪಟ್ಟ ತಾಯಿಯನ್ನು ನಾನು ಬೇರೆ ಕಂಡಿಲ್ಲ. ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತು ಹಿಟ್ಟಿನ ಮುದ್ದೆಯನ್ನು ನೋಡಿದರು.

“ಶೈಲವ್ವ, ಇವತ್ತ ಕಮ್ಮಿ ಬಡಿ. ಅವ ತಂಗಿ ಮನ್ಯಾಗ ಉಣ್ತಾನ.”